ಕೆಂಪು ಬಾಳೆ, ಖಾಲಿ ಹೊಟ್ಟೆ

೧೯೯೪ರಲ್ಲಿ ನಾನು ಕಲಬುರಗಿಯ ಜೇವರ್ಗಿ ಕಾಲೋನಿಯ ಒಂದು ಸಣ್ಣ ದವಾಖಾನೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ನನ್ನ ಹೆಂಡತಿ ಸುಮಿತ್ರಾ ಅಲ್ಲಿಯೇ ನರ್ಸ್. ಅವಳು ತೀರಿಕೊಂಡು ಕೆಲವು ತಿಂಗಳಾದವು. ಅವಳ ಕೆಲಸ ನೆನೆದಾಗ ನನಗೆ ಮೊದಲು ಕಣ್ಣ ಮುಂದೆ ಬರುವವರು ಕಮಲಾಪುರದ ಶರಣಮ್ಮನ ಮನೆಯವರು.

ಶರಣಮ್ಮನಿಗೆ ಸಕ್ಕರೆ ಕಾಯಿಲೆ ಹಳೆಯದು. ಕಾಲಿನ ಹುಣ್ಣು ಮಾಯದೆ ದವಾಖಾನೆ ಸೇರಿದ್ದರು. ಕಾಯಿಲೆ ಮನೆತನದಲ್ಲಿ ಇಳಿದು ಬರುವ ಸಂಭವವಿದೆ ಎಂದು ಡಾಕ್ಟರು ಇಬ್ಬರು ಗಂಡುಮಕ್ಕಳಿಗೂ ಫಾಸ್ಟಿಂಗ್ ಪರೀಕ್ಷೆ ಬರೆದರು. ರಾತ್ರಿ ಊಟದ ನಂತರ ಏನೂ ತಿನ್ನದೆ ಬೆಳಿಗ್ಗೆ ರಕ್ತ ಕೊಡಬೇಕು. ಹಿರಿಯವ ಬಸಣ್ಣನದು ಕಿರಾಣಿ ಅಂಗಡಿ, ದಪ್ಪ ಮೈ. ಕಿರಿಯವ ಶಿವಪ್ಪನದು ಬಾಳೆ ತೋಟ, ಕಡ್ಡಿಯಂಥ ಮೈ.

“ಅಣ್ಣಂದು ಎರಡ ಸಲ ತಗೋರಿ, ಹೊಟ್ಟಿ ನೋಡ್ರಿ ಅವಂದು,” ಎಂದು ಶಿವಪ್ಪ ನಕ್ಕ.

ಬಸಣ್ಣನ ಸಕ್ಕರೆ ಸರಿಯಾಗಿತ್ತು. ಶಿವಪ್ಪನದು ೧೭೨. ಆಗ ೧೪೦ ದಾಟಿದರೆ ಕಾಯಿಲೆ ಎನ್ನುತ್ತಿದ್ದೆವು.

“ಏನರ ತಿಂದು ಬಂದೀರೇನು?” ಸುಮಿತ್ರಾ ಕೇಳಿದಳು.

“ಇಲ್ರೀ ಅಕ್ಕಾ. ಲಿಂಗಪೂಜಿ ಮಾಡಿ ಪ್ರಸಾದ ತಗೊಂಡು ಬಸ್ ಹತ್ತೀವಿ, ಅಷ್ಟೇ.”

“ಪ್ರಸಾದ ಏನಿತ್ತು?”

“ನಮ್ಮ ತ್ವಾಟದ ಕೆಂಪು ಬಾಳೆಹಣ್ಣು. ಪ್ರಸಾದ ತಗೊಂಡ್ರ ತಿಂದಂಗೇನ್ರೀ?” ಸುಮಿತ್ರಾ ಹೌದೆಂದು ತಲೆಯಾಡಿಸಿದ್ದೇ ತಡ, ಅವನಿಗೆ ಧೈರ್ಯ ಬಂತು. “ಹಂಗಾರ ಅದು ಹಣ್ಣಿನ ಸಕ್ಕರಿ. ನನಗೇನೂ ಇಲ್ಲ, ನಡಿಯಣ್ಣ.”

“ಅಣ್ಣಾರೂ ಅದೇ ಹಣ್ಣು ತಿಂದಾರಲ್ಲ? ಅವರದು ಏರಿಲ್ಲ,” ಎಂದಳು ಸುಮಿತ್ರಾ.

ಶಿವಪ್ಪ ಬಾಗಿಲಲ್ಲೇ ನಿಂತ. ಸುಮಿತ್ರಾ ಮೆಲ್ಲಗೆ ಹೇಳಿದಳು: “ನಾಳೆ ಪೂಜಿ ಬಿಡಬ್ಯಾಡ್ರಿ. ಪ್ರಸಾದ ಕಟ್ಟಿಕೊಂಡು ಬರ್ರಿ. ರಕ್ತ ಕೊಟ್ಟು ಇಲ್ಲೇ ತಗೋರಿ.”

ಮರುದಿನ ಹಣ್ಣನ್ನು ಮಡಿವಸ್ತ್ರದಲ್ಲಿ ಸುತ್ತಿಕೊಂಡು ಬಂದ. ರಕ್ತ ಕೊಟ್ಟು, ಕಣ್ಣಿಗೊತ್ತಿಕೊಂಡು ತಿಂದ. ಸಕ್ಕರೆ ೧೫೮ ಇತ್ತು.

ಡಾಕ್ಟರು ತಿಳಿಸಿ ಹೇಳಿದರು: “ಬೊಜ್ಜಿದ್ದವರಿಗಷ್ಟೇ ಬರ್ತದ ಅನಬ್ಯಾಡ್ರಿ. ದೂರದ ಕೊರಿಯಾದಾಗೂ ಸಣ್ಣ ಮೈಯವರಿಗೆ ಬರ್ತದ. ಜೀನ್‌ನಾಗ ಸಣ್ಣ ಫರಕ್ ಇದ್ರ ಕೆಲವರಿಗೆ ಇನ್ಸುಲಿನ್ ಸಾಲಂಗಿಲ್ಲ. ಒಬ್ಬ ತಾಯಿ ಮಕ್ಕಳಾದ್ರೂ ಇಬ್ಬರಿಗೂ ಒಂದೇ ಪಾಲು ಬರಂಗಿಲ್ಲ.”

ಶರಣಮ್ಮ ಸೆರಗು ಬಾಯಿಗಿಟ್ಟುಕೊಂಡರು. “ನಾನೇ ಕೊಟ್ಟೆನೇನವ್ವಾ, ನನ್ನ ಮಗಗ?”

“ನಿಮ್ಮ ಕಾಲು ನೋಡೇ ಅವರ ಸಕ್ಕರಿ ಮೊದಲೇ ಸಿಕ್ತರೀ, ಅವ್ವಾ,” ಎಂದಳು ಸುಮಿತ್ರಾ. “ಅವರ ಕಾಲು ಉಳಿಸೀರಿ ನೀವು.”

ಸುಮಿತ್ರಾಳೂ ಸಣಕಲು; ಅವಳ ತಂದೆಗೂ ಸಕ್ಕರೆ ಇತ್ತು. ಮರುದಿನ ಬೆಳಿಗ್ಗೆ ಚಹಾಕ್ಕೆ ಮೊದಲೇ ತೋಳು ಚಾಚಿ ನನ್ನೆದುರು ಕುಳಿತಳು. ಅವಳಿಗೂ ಕಾಯಿಲೆ ಇತ್ತು. ಪಥ್ಯ, ಗುಳಿಗೆ, ನಡಿಗೆ ಎಲ್ಲವನ್ನೂ ಪಾಲಿಸಿದಳು. ಕೊನೆಗೆ ಕಿಡ್ನಿ ಕೈಕೊಟ್ಟವು. ಆದರೆ ನಡುವೆ ನಮಗೆ ಸಿಕ್ಕ ವರ್ಷಗಳಲ್ಲಿ ಮಗಳು ಬೆಳೆದು ದೊಡ್ಡವಳಾದಳು. ಮೈ ನೋಡಿ ಕಾಯಿಲೆ ಅಳೆಯಬೇಡ, ಮನೆತನ ಕೇಳು ಎಂಬುದು ಈ ಕೆಲಸ ನನಗೆ ಕಲಿಸಿದ ಪಾಠ.

ಮೊನ್ನೆ ಸುಮಿತ್ರಾಳ ಫೋಟೋದ ಮುಂದೆ ಎಡೆ ಇಟ್ಟೆವು. ಬಾಳೆಹಣ್ಣಿನ ಪ್ರಸಾದ ಕೊಡಲು ಹೋದರೆ, ತಾಯಿಯಷ್ಟೇ ಸಣ್ಣಗಿರುವ ಮಗಳು ನನ್ನ ಕೈ ತಡೆದಳು.

“ನಂದು ತೆಗೆದಿಡಪ್ಪಾ. ರಕ್ತ ಕೊಟ್ಟು ಬಂದು ತಗೋತೀನಿ.”