ಮಿಕ್ಸಿ ಬಿಚ್ಚಿದವರು ಯಾರು

ಹಡಗಲಿಯಿಂದ ಕೊಟ್ಟೂರಿಗೆ ನಾನು ಸೊಸೆಯಾಗಿ ಬಂದಾಗ ತವರಿನವರು ಒಂದು ಮಿಕ್ಸಿ ಕೊಟ್ಟು ಕಳಿಸಿದ್ದರು. ಎತ್ತಿದರೆ ಕೈ ಸೋಲುವಷ್ಟು ಭಾರ. ಮಾವ ಅದರ ಸುತ್ತ ಒಂದು ಸುತ್ತು ಬಂದು, "ಇದರ ಹೊಟ್ಟ್ಯಾಗ ಏನೈತಿ ಅಂತ ಯಾರಿಗ್ ಗೊತ್ತು? ಹುಷಾರವ್ವಾ" ಎಂದಿದ್ದರು.

ಮಾವ ಅನುಮಾನದ ಮನುಷ್ಯ. ಸಂತೆಯಿಂದ ತಂದ ಬೆಲ್ಲವನ್ನು ಮನೆಯಲ್ಲಿ ಮತ್ತೊಮ್ಮೆ ತೂಗುವರು. ಶೇಂಗಾ ಎಣ್ಣೆಯ ಹೊಸ ಡಬ್ಬಿ ತೆರೆದರೆ ಮೊದಲು ಅಂಗೈಗೆ ಹಚ್ಚಿ ಮೂಸುವರು. ಆಯುಷ್ಯವೆಲ್ಲ ಅಂಗಡಿಯಲ್ಲಿ ಕೂತು ಬಂದ ಗುಣ. ಅತ್ತೆ ತೀರಿಕೊಂಡ ಮೇಲೆ ಮನೆಯಲ್ಲಿ ದೊಡ್ಡವರೆಂದು ಅವರೊಬ್ಬರೇ ಉಳಿದರು, ಆ ಗುಣ ನಿಧಾನವಾಗಿ ನನಗೂ ಅಂಟಿತು.

ಮಕ್ಕಳು ಹುಟ್ಟಿ ಹೈಸ್ಕೂಲು ಸೇರಿದರೂ ಮಿಕ್ಸಿ ಕೈಕೊಡಲಿಲ್ಲ. ತವರಿನ ಸಾಮಾನು ಗಟ್ಟಿ ಎಂದು ನಾನು ಓಣಿಯಲ್ಲೆಲ್ಲ ಬೀಗುತ್ತಿದ್ದೆ. ಹೋದ ಬೇಸಿಗೆಯಲ್ಲಿ ಚಟ್ನಿಪುಡಿ ಮಾಡುವಾಗ ಅದರ ಒಳಗೆ ಕಿಡಿ ಹಾರಿತು, ಸುಟ್ಟ ವಾಸನೆ ಬಂತು. ಚೀಲದಲ್ಲಿ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರದ ರಿಪೇರಿ ಅಂಗಡಿಗೆ ಹೋದೆ.

ರಿಪೇರಿಯವನು ತಳ ಬಿಚ್ಚಿ ಹುಬ್ಬು ಗಂಟಿಕ್ಕಿದ. "ಇದನ್ನ ಯಾರೋ ಬಿಚ್ಚ್ಯಾರಲ್ರಿ. ಒಂದ್ ಸಲ ಅಲ್ಲ, ಭಾಳ ಸಲ."

"ಇದಕ್ಕ ಇವತ್ತಿನತನಕ ರಿಪೇರೀನ ಬಂದಿಲ್ಲ" ಎಂದೆ.

"ಹಂಗಾರ ಇದೇನು?" ಮೋಟರಿನ ಕೆಳಗಿನಿಂದ ಒಂದು ರಬ್ಬರಿನ ಬಿಲ್ಲೆ ತೆಗೆದು ತೋರಿಸಿದ. ಹವಾಯಿ ಚಪ್ಪಲಿಯ ಅಟ್ಟೆಯಿಂದ ಕತ್ತರಿಸಿದ್ದು. "ಕಂಪನಿಯವರು ಚಪ್ಪಲಿ ಹಾಕಿ ಕಳಸ್ತಾರೇನ್ರಿ?"

ನನಗೆ ಅವನ ಮೇಲೇ ಅನುಮಾನ ಬಂತು. ಒಳಗಿನ ತಾಮ್ರ ಹೊಡೆದುಕೊಳ್ಳಲು ಕಥೆ ಕಟ್ಟುತ್ತಿದ್ದಾನೆ ಎನ್ನಿಸಿ, ಬಿಲ್ಲೆಯನ್ನು ಒಳಗೇ ಹಾಕಿಸಿ ತಳ ಮುಚ್ಚಿಸಿ, ಅವನ ಕೈಯಿಂದ ಮಿಕ್ಸಿ ಕಸಿದುಕೊಂಡು ಮನೆಗೆ ಬಂದೆ.

ಎರಡು ದಿನ ಬಿಟ್ಟು ನನ್ನ ಗಂಡ ಹೊಸ ಮಿಕ್ಸಿ ತಂದರು. ಬೆಳ್ಳಗೆ, ಹಗುರಾಗಿ, ಹೊಳೆಯುತ್ತಿತ್ತು. ಆಗ ಅನುಮಾನ ಅವರ ಕಡೆ ತಿರುಗಿತು. ಹೊಸದು ತರಬೇಕೆಂದು ಇವರೇ ಹಳೆಯದನ್ನು ಬಿಚ್ಚಿ ಏನಾದರೂ ಮಾಡಿದರೇ? ಕೇಳಿದೆ. "ನನಗ ಬಲ್ಬ್ ಹಾಕಾಕ ಬರಂಗಿಲ್ಲ, ಮಿಕ್ಸಿ ಬಿಚ್ಚತೀನೇನು?" ಎಂದು ನಕ್ಕರು. ಆ ನಗುವನ್ನೂ ನಾನು ನಂಬಲಿಲ್ಲ.

ಮಾವ ಮಾತ್ರ ಹೊಸದನ್ನು ಬೋರಲು ಹಾಕಿ, ಕನ್ನಡಕ ಏರಿಸಿ ತಳ ನೋಡಿದರು. ತಿರುಪೇ ಇರಲಿಲ್ಲ. ಸುತ್ತಲೂ ಅಂಟು ಹಾಕಿ ಮುಚ್ಚಿದ್ದರು. "ಬಾಯಿ ಯಾಕ ಹೊಲದಾರ ಇದರದು? ಒಳಗ ಅಂಥಾದ್ದೇನೈತಿ?" ಎಂದು ಅದನ್ನು ಪೆಟ್ಟಿಗೆಗೇ ಸೇರಿಸಿದರು.

ನಾನು ಹಳೆಯ ಮಿಕ್ಸಿಯ ತಿರುಪುಗಳ ಸೀಳಿನಲ್ಲಿ ಒಂದಿಷ್ಟು ಅರಿಶಿನ ಮೆತ್ತಿಟ್ಟೆ. ಯಾರು ಮುಟ್ಟಿದರೂ ಗೊತ್ತಾಗಲಿ ಎಂದು. ಆಮೇಲೆ ತವರಿಗೆ ಹೋಗುತ್ತೇನೆ, ಬರುವುದು ಸಂಜೆಯಾಗುತ್ತದೆ ಎಂದು ಹೇಳಿ ಹೊರಟೆ. ಹಡಗಲಿಯಲ್ಲಿ ಊಟಕ್ಕೂ ಕೂರದೆ, ಮುಡಿಗೆ ಅವ್ವ ಕೊಟ್ಟ ಮಲ್ಲಿಗೆ ಇಟ್ಟುಕೊಂಡು ಮುಂದಿನ ಬಸ್ಸಿಗೇ ಹತ್ತಿ ವಾಪಸ್ಸು ಬಂದುಬಿಟ್ಟೆ.

ಪಡಸಾಲೆಯಲ್ಲಿ ಹಳೇ ಪೇಪರು ಹಾಸಿತ್ತು. ಅದರ ಮೇಲೆ ಮಿಕ್ಸಿ ಬಿಚ್ಚಿಕೊಂಡು ಬಿದ್ದಿತ್ತು. ಪಕ್ಕದಲ್ಲಿ ಹೊಲಿಗೆ ಮಷಿನ್ನಿನ ಎಣ್ಣೆ, ಹಲ್ಲುಜ್ಜುವ ಹಳೇ ಬ್ರಷ್ಷು. ತಲೆ ಎತ್ತಿದ ಮಾವನ ಬೆರಳ ತುದಿಗಳು ಹಳದಿಯಾಗಿದ್ದವು.

"ಅರಿಶಿಣ ನೀನ ಹಚ್ಚಿದ್ದೇನು?" ಎಂದರು.

"ಹೂಂ ರಿ. ಎಷ್ಟ್ ದಿನದಿಂದ ನಡದೈತಿದು?"

ಅವರು ಬ್ರಷ್ಷಿನಿಂದ ಧೂಳು ತೆಗೆದರು. ಆಮೇಲೆ ಹೇಳಿದರು: "ನೀ ಬಂದ ವರ್ಷದಿಂದ. ಮದಲ ಅನುಮಾನಕ್ಕ ಬಿಚ್ಚಿದ್ನೆವ್ವಾ. ಏನೂ ಮೋಸ ಇರಲಿಲ್ಲ. ತಂತಿ, ಕಬ್ಬಿಣ, ಧೂಳು. ಒರಿಸಿ ಮುಚ್ಚಿದೆ. ಆಮ್ಯಾಲೆ ಮತ್ತ ಧೂಳು ಕುಂತಿರತೈತಲ್ಲ ಅನ್ನಿಸ್ತು. ಹಂಗ ರೂಢಿ ಆತು."

"ನನಗ ಹೇಳಬಾರದಾಗಿತ್ತೇನ್ರಿ?"

"ತವರಿಂದ ಬಂದ ಸಾಮಾನು. ಮಾವ ಬಿಚ್ಚಿ ನೋಡ್ಯಾನ ಅಂದ್ರ ನೀ ಏನ್ ತಿಳಕೊಂತಿದ್ದಿ?"

ಅವರ ಎದುರಿಗೆ ಕೂತೆ. ಇಷ್ಟು ವರ್ಷ ದಿನಾ ಬಳಸಿದ ವಸ್ತುವಿನ ಒಳಗನ್ನು ನಾನು ಸರಿಯಾಗಿ ನೋಡಿದ್ದು ಅದೇ ಮೊದಲು. ಮಾವ ಬೆರಳಿಟ್ಟು ಒಂದೊಂದೇ ತೋರಿಸಿದರು. ಮೋಟರಿಗೆ ಕರೆಂಟು ಮುಟ್ಟಿಸುವ ಕಾರ್ಬನ್ ತುಂಡುಗಳು ಸವೆದು ಚೂರಾಗಿದ್ದವು. "ಇವು ಮನ್ಯಾಗ ಆಗೂವಲ್ಲ. ಅಂಗಡೀಗ ಹೋಗಬೇಕು" ಎಂದರು.

ಮರುದಿನ ಇಬ್ಬರೂ ಅದೇ ಅಂಗಡಿಗೆ ಹೋದೆವು. ರಿಪೇರಿಯವನು ನನ್ನನ್ನು ನೋಡಿ ಮುಖ ಬಿಗಿದ. ಮಾವ ರಬ್ಬರಿನ ಬಿಲ್ಲೆಯನ್ನು ಮೇಜಿನ ಮೇಲಿಟ್ಟರು.

"ನೀವ ಏನ್ರಿ ಇದನ್ನ ಹಾಕಿದ್ದು?"

"ನಾನ. ಅದುರತಿತ್ತು, ಅದಕ್ಕ."

ಅವನು ಬಿಲ್ಲೆಯನ್ನು ತಿರುವಿ ನೋಡಿ, ಇದ್ದಲ್ಲೇ ಕೂರಿಸಿದ. ಹೊಸ ಕಾರ್ಬನ್ ಹಾಕುವಾಗ ಮಾವ ಸ್ಟೂಲು ಎಳೆದುಕೊಂಡು ಅವನ ಕೈಯನ್ನೇ ನೋಡುತ್ತ ಕೂತರು. ಮಾವನ ಕೈ ತನ್ನ ಸಾಮಾನಿನ ಡಬ್ಬಿಯತ್ತ ಹೋದಾಗಲೆಲ್ಲ ಅವನೂ ಓರೆಗಣ್ಣಿನಿಂದ ನೋಡುತ್ತಿದ್ದ.

ಕೊನೆಗೆ ತಿರುಪು ಬಿಗಿಯುವ ಹೊತ್ತಿಗೆ ಮಾವ ಅವನಿಂದ ಸ್ಕ್ರೂಡ್ರೈವರ್ ಇಸಿದುಕೊಂಡು ನನ್ನ ಮುಂದೆ ಹಿಡಿದರು. "ನಿನ್ನ ಸಾಮಾನು, ನೀನ ಬಿಗಿ."

ತೆಗೆದುಕೊಂಡು ತಿರುಗಿಸಿದೆ. ತಿರುಪು ಓರೆಯಾಗಿ ಕೂತಿತು. ಮಾವ, ರಿಪೇರಿಯವನು ಇಬ್ಬರೂ ಒಟ್ಟಿಗೇ ಎಂದರು: "ಬಿಚ್ಚಿ ಮತ್ತ ಹಾಕು."

ಬಿಚ್ಚಿ ಮತ್ತೆ ಹಾಕಿದೆ.