ಹದ ನೀರು

ಲಂಡನ್ನಿನ ಅಂಚಿನ ಸ್ಟ್ಯಾನ್ಮೋರ್‌ನ ಆ ಮನೆಯಲ್ಲಿ ಎಲ್ಲಕ್ಕಿಂತ ಬೆಚ್ಚಗಿನ ಜಾಗವೆಂದರೆ ಮಹಡಿಯ ಮೇಲಿನ ಬಿಸಿನೀರಿನ ಕಪಾಟು. ಒಳಗೆ ನೀರು ಕಾಯುವ ದೊಡ್ಡ ಸಿಲಿಂಡರ್, ಅದರ ಮೇಲೊಂದು ಹಲಗೆ, ಹಲಗೆಯ ಮೇಲೆ ಒಗೆದು ಮಡಿಸಿಟ್ಟ ಟವೆಲ್ಲುಗಳು. ಫೆಬ್ರವರಿಯ ಒಂದು ಬೆಳಿಗ್ಗೆ ಟವೆಲ್ ತೆಗೆಯಲು ಹೋದ ಗೋಪೀನಾಥನ ಕೈಗೆ ಅವುಗಳ ನಡುವೆ ಮಗಳ ಅಸ್ಥಿಯ ಕುಡಿಕೆ ತಗುಲಿತು. ಅದಕ್ಕೆ ಪ್ರಾಚಿಯದೇ ಉಣ್ಣೆಯ ಸ್ಕಾರ್ಫ್ ಸುತ್ತಿತ್ತು. ಅವನು ಕೈ ಹಿಂದೆ ತೆಗೆಯಲಾರದೆ ನಿಂತುಬಿಟ್ಟ.

"ಬಾಗಿಲು ಹಾಕಿ ರೀ, ಬಿಸಿ ಹೋಗತ್ತೆ" ಎಂದಳು ಹಿಂದೆ ಬಂದು ನಿಂತ ವೈದೇಹಿ.

ಗೋಪೀನಾಥ ಬಾಗಿಲು ಹಾಕಿದ. ಆ ದಿನ ಒದ್ದೆ ಮೈಯ ಮೇಲೇ ಅಂಗಿ ತೊಟ್ಟುಕೊಂಡ.

ವೈದೇಹಿ ಹುಚ್ಚಿಯಾಗಿರಲಿಲ್ಲ. ಮೈಸೂರಿನಲ್ಲಿ ಓದಿ ಬಂದು, ತಿಂಗಳು ತುಂಬದೆ ಹುಟ್ಟಿದ ಕೂಸುಗಳ ವಾರ್ಡಿನಲ್ಲಿ ಕೂದಲು ನರೆಯುವವರೆಗೆ ದುಡಿದ ಡಾಕ್ಟರು ಅವಳು. ಅಂಗೈ ಅಗಲದ ಕೂಸುಗಳು ಅವಳ ಕೈಯಲ್ಲಿ ಉಳಿದಿದ್ದವು. ಹೊಸದಾಗಿ ಬಂದ ಕಿರಿಯ ಡಾಕ್ಟರುಗಳಿಗೆ ಅವಳು ಮೊದಲ ದಿನ ಹೇಳುತ್ತಿದ್ದುದು ಒಂದೇ ಮಾತು: ಮೊದಲು ಬೆಚ್ಚಗೆ ಮಾಡಿ, ಔಷಧಿ ಪರೀಕ್ಷೆ ಎಲ್ಲ ಆಮೇಲೆ. ಮನೆಯಲ್ಲೂ ಅದೇ ಕಾನೂನು. ಪ್ರಾಚಿ ಹುಟ್ಟಿದಾಗ ತನ್ನ ಅಮ್ಮ ಮೈಸೂರಿನಿಂದ ಬಂದು ಕಲಿಸಿದ ಹಾಗೆ, ಬಾತ್‌ರೂಮಿನ ನೆಲದ ಮೇಲೆ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುತ್ತಿದ್ದಳು. ಪ್ರತಿ ಚೆಂಬಿಗೂ ಮೊಣಕೈ ಅದ್ದಿ ಹದ ನೋಡುತ್ತಿದ್ದಳು. ಪ್ರಾಚಿ ಛಳಿ ತಡೆಯದ ಹುಡುಗಿ, ಜುಲೈನಲ್ಲೂ ಕಾಲುಚೀಲ ಬಿಡುತ್ತಿರಲಿಲ್ಲ.

ಗೋಪೀನಾಥ ಅದಕ್ಕೆ ತದ್ವಿರುದ್ಧ. ರೈಲಿನ ಸಿಗ್ನಲ್ ಕೆಲಸದ ಎಂಜಿನಿಯರ್ ಅವನು. ಧಾರವಾಡದ ಹಾಸ್ಟೆಲಿನಲ್ಲಿ ಅಂಟಿದ ಚಟವೆಂದು ಲಂಡನ್ನಿನ ಜನವರಿಯಲ್ಲೂ ತಣ್ಣೀರಲ್ಲೇ ಸ್ನಾನ ಮಾಡುತ್ತಿದ್ದ, ಮಾಡಿದ್ದನ್ನು ಊರಿಗೆಲ್ಲ ಹೇಳಿಕೊಳ್ಳುತ್ತಿದ್ದ. ಈಜುಕೊಳಕ್ಕೆ ಹೋದರೆ ಪ್ರಾಚಿ ಅಂಚಿನಲ್ಲಿ ನಡುಗುತ್ತಾ ನಿಂತು, "ಅಪ್ಪ ಫಸ್ಟ್!" ಎಂದು ಕೂಗುತ್ತಿದ್ದಳು. ಅಪ್ಪ ಮೊದಲು ಇಳಿಯಬೇಕು, ನೀರು ಹೇಗಿದೆ ಎಂದು ಹೇಳಬೇಕು, ಆಮೇಲೆ ಅವಳು. ಅವನು ಯಾವಾಗಲೂ "ಬಾಳ ಬೆಚ್ಚಗದ, ಬಾ" ಎಂದು ಸುಳ್ಳು ಹೇಳುತ್ತಿದ್ದ.

ಕಳೆದ ಕ್ರಿಸ್‌ಮಸ್ಸಿನ ಹಿಂದಿನ ವಾರ ಪ್ರಾಚಿ ಆಫೀಸಿನಲ್ಲಿ ಕುಸಿದು ಬಿದ್ದಳು. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು. ಅಮ್ಮ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆದರೆ ಮುಗಿದದ್ದು ಅಲ್ಲಿಗೇ ಅಲ್ಲ. ಈ ದೇಶದಲ್ಲಿ ಸತ್ತವರೂ ಸರದಿ ಕಾಯಬೇಕು. ಪೋಸ್ಟ್‌ಮಾರ್ಟಂ, ರಜೆಗಳು, ಚಿತಾಗಾರದ ಸಮಯ ಎಲ್ಲ ಕೂಡಿಬರುವಾಗ ಸಂಕ್ರಾಂತಿಯೂ ಕಳೆದಿತ್ತು. ಅಷ್ಟು ದಿನ ಪ್ರಾಚಿ ಶೈತ್ಯಾಗಾರದ ಡ್ರಾಯರಿನಲ್ಲಿದ್ದಳು. ಅದರ ಒಳಗಿನ ಥಂಡಿ ಎಷ್ಟಿರುತ್ತದೆಂದು ವೈದೇಹಿಗೆ ಡಿಗ್ರಿಯ ಲೆಕ್ಕದಲ್ಲೇ ಗೊತ್ತಿತ್ತು. ಕೊನೆಯ ದಿನ ಹಣೆ ಮುಟ್ಟಿದಾಗ ತನ್ನ ಬೆರಳಿಗೆ ಹತ್ತಿದ ಆ ಶೀತ ಮತ್ತೆ ಇಳಿಯಲಿಲ್ಲ.

ಹರಿಯುವ ನೀರೆಲ್ಲ ಗಂಗೆಯೇ ಎಂದು ಪುರೋಹಿತರು ಹೇಳಿದರು. ಕುಡಿಕೆ ಹಿಡಿದು ಇಬ್ಬರೂ ಥೇಮ್ಸ್ ದಡಕ್ಕೆ ಹೋದರು. ವೈದೇಹಿ ಬಗ್ಗಿ ನೀರಿಗೆ ಮೊಣಕೈ ಅದ್ದಿದಳು, ಎದ್ದಳು, ಕಾರಿಗೆ ವಾಪಸ್ಸು ನಡೆದಳು. ಕುಡಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಹೀಟರ್ ಜೋರು ಮಾಡಿದಳು. "ಆಗಲ್ಲ ರೀ. ಮತ್ತೆ ಛಳಿಗೆ ಹಾಕಕ್ಕಾಗಲ್ಲ."

ಅಲ್ಲಿಂದಾಚೆ ಅವಳು ಕೆಲಸ ಬಿಟ್ಟಳು, ಊಟ ಅರ್ಧ ಬಿಟ್ಟಳು. ಹಗಲೆಲ್ಲ ಆ ಕಪಾಟಿನ ಬಾಗಿಲಿಗೆ ಬೆನ್ನು ಕೊಟ್ಟು ಕೂತಿರುತ್ತಿದ್ದಳು. ಗೆಳತಿ ಶೋಭಾ ಸಾರು ಮಾಡಿ ತಂದರೆ ಅದನ್ನೂ ಆ ನೆಲದ ಮೇಲೆಯೇ ಇಬ್ಬರೂ ಕೂತು ಉಣ್ಣಬೇಕು. ಏಪ್ರಿಲಿನಲ್ಲಿ ಒಮ್ಮೆ ವೈದೇಹಿ ತಾನಾಗಿ ಬಾಯಿ ಬಿಟ್ಟಳು.

"ಐಸ್‌ಲ್ಯಾಂಡ್‌ಗೆ ಹೋಗೋಣ ರೀ. ಅಲ್ಲಿ ನೆಲವೇ ಬೆಚ್ಚಗಿರತ್ತೆ ಅಂತಿದ್ಲಲ್ಲ."

ಪ್ರಾಚಿ ಗೆಳತಿಯರ ಜೊತೆ ಅಲ್ಲಿಗೆ ಹೋಗಿ ಬಂದವಳು. ಮುಂದಿನ ಸಲ ಕ್ಯಾಂಪರ್‌ವ್ಯಾನಿನಲ್ಲಿ ಮೂವರೂ ಹೋಗೋಣ, ಹಿಮದ ನಡುವೆ ಬಿಸಿ ಹೊಳೆಯಲ್ಲಿ ಕೂರಬಹುದು ಎಂದಿದ್ದಳು. ಹೆಂಡತಿ ಏನನ್ನಾದರೂ ಬಯಸಿದ್ದು ಎಷ್ಟೋ ಕಾಲದ ಮೇಲೆ. ಗೋಪೀನಾಥ ಅಂದೇ ಟಿಕೆಟ್ ಮಾಡಿದ. ಅಸ್ಥಿ ಬಿಡಲು ಅನುಮತಿ ಕೇಳಬೇಕಾದಲ್ಲಿ ಕೇಳಿದ.

ಜೂನ್ ತಿಂಗಳಾದರೂ ಅಲ್ಲಿನ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಬಾಡಿಗೆಯ ವ್ಯಾನಿನಲ್ಲಿ ಮಂಚ, ಒಲೆ, ಸಿಂಕು ಎಲ್ಲ ಒಂದರ ಮೈಮೇಲೊಂದು. ಗೋಪೀನಾಥ ಓಡಿಸಿದ, ವೈದೇಹಿ ಪಕ್ಕದಲ್ಲಿ, ಹಿಂದಿನ ಸೀಟಿನಲ್ಲಿ ಸ್ಕಾರ್ಫ್ ಸುತ್ತಿದ ಕುಡಿಕೆ. ಹೊರಡುವಾಗ ಅವನು ಕನ್ನಡಿಯಲ್ಲಿ ನೋಡಿ, ರೂಢಿಯಂತೆ, "ಬೆಲ್ಟ್ ಹಾಕ್ಕೊಂಡ್ಯೇನವಾ?" ಎಂದುಬಿಟ್ಟ. ಅಂದವನು ನಾಲಿಗೆ ಕಚ್ಚಿಕೊಂಡ. ವೈದೇಹಿ ಇಳಿದು ಹಿಂದೆ ಹೋಗಿ ಕುಡಿಕೆಗೆ ಬೆಲ್ಟ್ ಬಿಗಿದು ಬಂದಳು.

ಎಲ್ಲೆಲ್ಲೂ ನೆಲ ಹೊಗೆಯಾಡುತ್ತಿತ್ತು. ಕರಿಕಲ್ಲಿನ ಬಯಲು, ಹಳದಿ ಮಣ್ಣು, ಬಿರುಕುಗಳಿಂದ ಏಳುವ ಆವಿ, ಕೊಳೆತ ಮೊಟ್ಟೆಯ ವಾಸನೆ. ಮೊದಲು ನಿಂತ ಕಡೆ ನೀರು ಕೊತಕೊತ ಕುದಿಯುತ್ತಿತ್ತು. ಹಗ್ಗ ಕಟ್ಟಿ ಎಚ್ಚರಿಕೆಯ ಫಲಕ ಹಾಕಿದ್ದರು. ವೈದೇಹಿ ಕುಡಿಕೆಯನ್ನು ಎದೆಗವಚಿಕೊಂಡು ಹಿಂದೆ ಸರಿದಳು. "ಬೇಡ. ಒಂದು ಸಲ ಸುಟ್ಟಿದ್ದೀವಲ್ಲ, ಸಾಕು." ಇನ್ನೊಂದು ಕಡೆ ನೀರು ಹಿತವಾಗಿತ್ತು, ಆದರೆ ಜನ ಬಿಯರ್ ಹಿಡಿದು ಕೂತು ನಗುತ್ತಿದ್ದರು. ಮತ್ತೊಂದು ಕಡೆ ಬಿಸಿಯಿದ್ದದ್ದು ನಿಂತ ನೀರು, ಹರಿಯುವುದಲ್ಲ. ಪ್ರತಿ ಕಡೆಯೂ ಗೋಪೀನಾಥ ಬೂಟು ಕಳಚಿ, ಪ್ಯಾಂಟು ಮಡಚಿ ಮೊದಲು ಇಳಿಯಬೇಕು. ಅವನ ಪಾದಗಳು ಕೆಂಪಗೆ ಊದಿಕೊಂಡವು. ತಣ್ಣೀರಿನ ಚರ್ಮಕ್ಕೆ ಆ ಬಿಸಿ ಒಗ್ಗದು.

ಒಂದು ಮಧ್ಯಾಹ್ನ, ಬುಳಬುಳ ಎನ್ನುವ ಕೆಸರಿನ ಕುಂಡವೊಂದರ ಮುಂದೆ, ಅವನ ತಾಳ್ಮೆ ತಪ್ಪಿತು.

"ಎಷ್ಟು ಕಡೆ ಇಳೀಲಿ ನಾನು? ಆಕಿ ಇಲ್ಲ ವೈದೇಹಿ. ನೀರು ಬಿಸಿ ಇದ್ರೇನು, ತಣ್ಣಗಿದ್ರೇನು?"

"ನಿಮಗೆ ಗೊತ್ತಾಗಲ್ಲ. ನೀವು ತಣ್ಣೀರಿನವರು."

"ನನ್ನ ಮಗಳೂ ಹೌದಲ್ಲ ಆಕಿ!"

ಅವಳು ಕುಡಿಕೆಯೊಂದಿಗೆ ವ್ಯಾನು ಹತ್ತಿ ಕೂತಳು. ಅವನು ವ್ಯಾನಿನ ಹಿಂದೆ ಹೋಗಿ ನಿಂತ. ಬಹಳ ಹೊತ್ತು ಬರಲಿಲ್ಲ. ವೈದೇಹಿ ಸೈಡ್ ಕನ್ನಡಿಯಲ್ಲಿ ನೋಡಿದಳು. ಅವನ ಭುಜಗಳು ಅಲುಗುತ್ತಿದ್ದವು. ಇಳಿದು ಹೋಗಿ ಮುಟ್ಟಬೇಕೆನಿಸಿತು. ಆದರೆ ಕುಡಿಕೆಯನ್ನು ಒಂಟಿಯಾಗಿ ಬಿಟ್ಟು ಇಳಿಯಲು ಮನಸ್ಸು ಬರಲಿಲ್ಲ.

ವ್ಯಾನ್ ಹಿಂತಿರುಗಿಸಬೇಕಾದ ದಿನದ ಹಿಂದಿನ ದಿನ ಆ ಜಾಗ ಸಿಕ್ಕಿತು. ಗುಡ್ಡದ ಒಂದು ಪಕ್ಕದಿಂದ ಹೊಗೆಯಾಡುವ ತೊರೆ, ಇನ್ನೊಂದು ಪಕ್ಕದಿಂದ ಹಿಮ ಕರಗಿ ಬರುವ ತೊರೆ. ಎರಡೂ ಹಸಿರು ಹಾವಸೆಯ ಕಲ್ಲುಗಳ ನಡುವೆ ಕೂಡಿ ಕೆಳಗೆ ಹರಿಯುತ್ತಿದ್ದವು. ಹತ್ತಿರ ಒಬ್ಬರೂ ಇರಲಿಲ್ಲ. ಗೋಪೀನಾಥ ಇಳಿದ. ಅತ್ತ ಒಂದು ಹೆಜ್ಜೆ, ಇತ್ತ ಒಂದು ಹೆಜ್ಜೆ ಇಟ್ಟು ನೋಡಿ, ಒಂದು ಕಡೆ ನಿಂತ.

"ಬಾ. ಹದ ಅದ."

"ಸುಳ್ಳಲ್ಲ ತಾನೇ?"

"ನೀನೇ ನೋಡು."

ಅವಳು ಮೊಣಕೈ ಅದ್ದಿದಳು. ನಿಜವಾಗಿಯೂ ಹದವಾಗಿತ್ತು. ಹಂಡೆಯ ನೀರಿಗೆ ಅಮ್ಮ ತಣ್ಣೀರು ಬೆರೆಸಿಕೊಟ್ಟಂತೆಯೇ ಇತ್ತು. ವೈದೇಹಿ ಸೀರೆಯಲ್ಲಿರಲಿಲ್ಲ, ದಪ್ಪನೆಯ ಪ್ಯಾಂಟಿನಲ್ಲಿದ್ದಳು. ಅದರ ಸಮೇತ ನೀರಿನಲ್ಲಿ ಕೂತು ಕಾಲು ಚಾಚಿದಳು. ಸ್ಕಾರ್ಫ್ ಬಿಚ್ಚಿ ಕುಡಿಕೆಯನ್ನು ಕಾಲ ಮೇಲೆ ಮಲಗಿಸಿಕೊಂಡಳು. ಗೋಪೀನಾಥ ಕೈಮುಗಿದು, ಬಾರದ ಮಂತ್ರವನ್ನು ನೆನಪಿಸಿಕೊಳ್ಳುತ್ತಾ ನಿಂತ.

ಅವಳು ಮುಚ್ಚಳ ತೆಗೆಯಲಿಲ್ಲ. ಬೊಗಸೆಯಲ್ಲಿ ನೀರು ಮೊಗೆದು ಕುಡಿಕೆಯ ಮೇಲೆ ಎರೆದಳು. ತಲೆಯಿಂದ ಕೆಳಗೆ, ಬೆನ್ನಿಗೆ ಹೊರಳಿಸಿ, ಮತ್ತೆ ಮುಂದಕ್ಕೆ. ತುಂಬಾ ಹೊತ್ತು ಎರೆದಳು. ಆಮೇಲೆ ಹೆಗಲ ಟವೆಲ್ಲಿನಿಂದ ಒರೆಸಿ, ಸ್ಕಾರ್ಫ್ ಸುತ್ತಿ, ಎದೆಗೊತ್ತಿಕೊಂಡು ಎದ್ದಳು.

"ಆಯ್ತು. ಸ್ನಾನ ಆಯ್ತು" ಎಂದಳು. ಅವನ ಮುಖ ನೋಡಲಾಗಲಿಲ್ಲ. "ನನ್ನ ಕೈಲಿ ಅಷ್ಟೇ ಆಗೋದು ರೀ."

ಗೋಪೀನಾಥ ನೀರಿನಲ್ಲೇ ನಿಂತಿದ್ದ. ಬೈಯಲಿಲ್ಲ. "ಮನೀಗೆ ಹೋಗೋಣಂತ, ಬಾ. ನಿನಗ ಥಂಡಿ ಆಗ್ತದ" ಎಂದ. ಕುಡಿಕೆ ಮತ್ತೆ ಸ್ಟ್ಯಾನ್ಮೋರ್‌ನ ಟವೆಲ್ಲುಗಳ ನಡುವೆ ಬಂದು ಕೂತಿತು.

ಈ ಅಕ್ಟೋಬರಿನಲ್ಲಿ, ತಣ್ಣೀರ ಸ್ನಾನ ಮುಗಿಸಿ ಬಂದು ಕಾಫಿಗೆಂದು ಕುರ್ಚಿಯಲ್ಲಿ ಕೂತ ಗೋಪೀನಾಥ ಹಾಗೇ ಹೋಗಿಬಿಟ್ಟ. ಅವನೂ ಡ್ರಾಯರಿನಲ್ಲಿ ಸರದಿ ಕಾದ. ಆ ದಿನಗಳಲ್ಲಿ ವೈದೇಹಿ ಅಳಲಿಲ್ಲ. "ಅವರಿಗೆ ಛಳಿ ತಾಗಲ್ಲ ಶೋಭಾ" ಎಂದು ಮತ್ತೆ ಮತ್ತೆ ಹೇಳಿದಳು, ಹೇಳಿ ಹೇಳಿ ನಂಬಿಕೊಳ್ಳುವವಳ ಹಾಗೆ.

ನವೆಂಬರಿನಲ್ಲಿ ಶೋಭಾ ಅವಳನ್ನು ಥೇಮ್ಸ್ ದಡಕ್ಕೆ ಕರೆದೊಯ್ದಳು. ವೈದೇಹಿಯ ಒಂದು ಕೈಯಲ್ಲಿ ಗಂಡನ ಕುಡಿಕೆ, ಹೆಗಲಿನ ಚೀಲದಲ್ಲಿ ಇನ್ನೊಂದು. ಚೀಲದಲ್ಲಿ ಒಂದು ಫ್ಲಾಸ್ಕೂ ಇತ್ತು. ಅವಳು ಮೆಟ್ಟಿಲಿಳಿದು ಮೊದಲು ಗಂಡನನ್ನು ಬಿಟ್ಟಳು. ಬೂದಿ ಬೂದುಬಣ್ಣದ ನೀರಿನಲ್ಲಿ ಕ್ಷಣ ಹೊತ್ತು ಹರಡಿ ಹೋಯಿತು.

"ಅಪ್ಪ ಫಸ್ಟ್" ಎಂದಳು. "ಹೇಗಿದೆ ರೀ? ಹೇಳಿ."

ಬಾತುಕೋಳಿಗಳು ಕೂಗಿದವು, ಆಚೆ ದಡದಲ್ಲಿ ಯಾರೋ ನಾಯಿಯನ್ನು ಕರೆದರು. ಅವಳು ಕಾದಳು. ಸುಳ್ಳಾದರೂ ಸರಿ, ಒಂದು ಮಾತು ಬರಬೇಕೆಂಬಂತೆ ಕಿವಿಗೊಟ್ಟು ಕಾದಳು. ಕೊನೆಗೆ ಫ್ಲಾಸ್ಕಿನ ಮುಚ್ಚಳ ತಿರುಗಿಸಿ, ಮೊಣಕೈ ಮೇಲೆ ತೊಟ್ಟು ಬಿಟ್ಟು ಹದ ನೋಡಿ, ಆ ನೀರನ್ನು ಹೊಳೆಗೆ ಸುರಿದಳು. ಕೈಯಗಲದಷ್ಟು ಜಾಗದಲ್ಲಿ ಆವಿ ಎದ್ದಿತು. ಅದು ಆರುವ ಮೊದಲೇ ಮಗಳನ್ನು ಅದರೊಳಗೆ ಸುರಿದಳು. ಮೊಣಕಾಲವರೆಗೆ ನೀರಿಗಿಳಿದದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಮನೆಗೆ ಬಂದಾಗ ಅವಳ ಹಲ್ಲು ಕಟಕಟ ಎನ್ನುತ್ತಿತ್ತು. ಅವಳನ್ನು ಮಹಡಿಯ ಮೇಲೆ ಕೂರಿಸಿ ಶೋಭಾ ಟವೆಲ್ಲಿಗೆಂದು ಆ ಕಪಾಟು ತೆರೆದಳು. ಹಲಗೆಯ ನಡುವೆ ಕುಡಿಕೆಯಷ್ಟೇ ಅಗಲದ ಖಾಲಿ ಜಾಗ. ಶೋಭಾಳ ಕೈ ಅಲ್ಲೇ ನಿಂತಿತು.

"ಬಾಗಿಲು ಹಾಕು ಶೋಭಾ" ಎಂದಳು ವೈದೇಹಿ, ಕೂತಲ್ಲಿಂದಲೇ. "ಬಿಸಿ ಹೋಗತ್ತೆ."