ಗಿಣಿ ಎತ್ತಿಕೊಟ್ಟ ಒಪ್ಪಿಗೆ

ನಾನು ನಿಂತಿದ್ದದ್ದು ಆಸ್ಪತ್ರೆಯ ಗೇಟಿನ ಎದುರು, ಪುಟ್ಟಮ್ಮನವರ ಟೀ ಗಾಡಿಯ ಹಿಂಬದಿಯ ಚಕ್ರದ ಪಕ್ಕದಲ್ಲಿ. ಹೋದ ವರ್ಷದ ಜೂನ್ ತಿಂಗಳ ಒಂದು ಮಂಗಳವಾರ; ಸಂಜೆ ಐದೂವರೆ ದಾಟಿತ್ತು, ಬೆಳಕು ಚೆನ್ನಾಗಿತ್ತು. ಹೊಂಗೆ ಮರದ ಬುಡದಲ್ಲಿ ಕುಳಿತಿದ್ದ ಗಿಣಿಶಾಸ್ತ್ರದ ನಂಜಪ್ಪನಿಗೂ ನನಗೂ ನಡುವೆ ಒಂದು ಸ್ಕೂಟರ್ ನಿಲ್ಲಿಸುವಷ್ಟು ಜಾಗವಿತ್ತು. ಇದನ್ನು ಮೊದಲೇ ಹೇಳುತ್ತಿದ್ದೇನೆ. ಏಕೆಂದರೆ ಆಮೇಲೆ ನನಗೆ, "ದೂರದಿಂದ ನೋಡಿ ಏನೋ ಅಂದ್ಕೊಂಡಿದ್ದೀರಿ" ಎಂದವರಿದ್ದಾರೆ.

ನಾನು ಅರಿವಳಿಕೆ ತಜ್ಞ, ಅಂದರೆ ಅನೆಸ್ಥೆಟಿಸ್ಟ್. ಶಸ್ತ್ರಚಿಕಿತ್ಸೆಗೆ ಮೊದಲು ರೋಗಿಯ ಪ್ರಜ್ಞೆ ತಪ್ಪಿಸುವುದು, ಮುಗಿದ ಮೇಲೆ ಎಚ್ಚರಿಸುವುದು ನನ್ನ ಕೆಲಸ. ಲಕ್ಷ್ಮೀಪುರದ ನನ್ನ ಮನೆಯಿಂದ ಸ್ಕೂಟರಿನಲ್ಲಿ ಹೊರಟು, ಕರೆದ ಆಸ್ಪತ್ರೆಗೆಲ್ಲ ಹೋಗಿ ಬರುತ್ತಿದ್ದೆ. ಈ ಖಾಸಗಿ ಆಸ್ಪತ್ರೆಯೂ ಅವುಗಳಲ್ಲಿ ಒಂದು. ಹೆಸರು ಬರೆಯುವುದಿಲ್ಲ.

ನಂಜಪ್ಪನ ವಿದ್ಯೆ ಮೈಸೂರಿನವರಿಗೆ ಹೊಸದಲ್ಲ. ದೇವರ ಚಿತ್ರಗಳಿರುವ ಕಾರ್ಡುಗಳನ್ನು ಒಂದೊಂದಾಗಿ ಕಾಗದದ ಮಡಿಕೆಯೊಳಗಿಟ್ಟು ಜೋಡಿಸಿರುತ್ತಾರೆ. ಪಂಜರದಿಂದ ಹೊರಬಂದ ಗಿಣಿ ಕೊಕ್ಕಿನಿಂದ ಮಡಿಕೆಗಳನ್ನು ಎಳೆದು ಎಳೆದು ಬಿಸಾಡಿ, ಕೊನೆಗೆ ಒಂದನ್ನು ಒಡೆಯನ ಕೈಗೆ ಕೊಡುತ್ತದೆ. ಅದರೊಳಗಿನ ದೇವರು ಯಾರೆಂದು ನೋಡಿ ಭವಿಷ್ಯ ಹೇಳುತ್ತಾರೆ. ಕಟ್ಟಿನಲ್ಲಿ ಚಾಮುಂಡಿ, ನಂಜುಂಡೇಶ್ವರ, ಲಕ್ಷ್ಮಿ ಇರುವಂತೆ ಏಸುವೂ ಮರಿಯಮ್ಮನೂ ಇರುತ್ತಾರೆ. ಗಿರಾಕಿ ಯಾರಾದರೇನು, ಅವರ ದೇವರು ಇರಬೇಕಲ್ಲ.

ಆ ಸಂಜೆ ಆಸ್ಪತ್ರೆಯ ಪೇಷೆಂಟ್ ಕೋಆರ್ಡಿನೇಟರ್ ಸುದರ್ಶನ್ ಗೇಟಿನಿಂದ ಹೊರಬಂದ. ಶಸ್ತ್ರಚಿಕಿತ್ಸೆಗೆ ಹಿಂದೆಮುಂದೆ ನೋಡುವ ರೋಗಿಗಳ ಜೊತೆ ಮಾತಾಡುವುದು ಅವನ ಹುದ್ದೆ. ಮರದ ಬಳಿ ಬಗ್ಗಿ ಅವನು ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಕ್ರಿಶ್ಚಿಯನ್ನು. ನಾಳೆ ಬೆಳಗ್ಗೆ ಥಿಯೇಟರು. ಹೂಂ ಅನ್ನಿಸಿಬುಡು ನಂಜಪ್ಪ."

ನಂಜಪ್ಪ ಕಟ್ಟಿನಿಂದ ಒಂದು ಮಡಿಕೆ ಹುಡುಕಿ ತೆಗೆದು, ಮೇಲಿನಿಂದ ನಾಲ್ಕನೆಯದೋ ಐದನೆಯದೋ ಆಗುವಂತೆ ಸೇರಿಸಿದ. ಸುದರ್ಶನ್ ಒಳಗೆ ಹೋಗಿ ಒಬ್ಬ ಹೆಂಗಸನ್ನು ಕರೆತಂದ. ಆಕೆ ಹಸಿರು ಸೀರೆ ಉಟ್ಟು, ಸೆರಗನ್ನು ಕತ್ತಿನ ಸುತ್ತ ಹೊದ್ದಿದ್ದರು. ಗಿಣಿ ಬಂತು, ಒಂದೊಂದೇ ಮಡಿಕೆ ಎಳೆದು ಬಿಸಾಡಿತು. ನಂಜಪ್ಪನ ಬಲಗೈ ಭತ್ತದ ಡಬ್ಬಿಯಲ್ಲಿತ್ತು. ತಾನು ಸೇರಿಸಿದ ಮಡಿಕೆಯನ್ನು ಗಿಣಿ ಕಚ್ಚಿದ ಕೂಡಲೇ ಅವನು ಒಂದು ಕಾಳನ್ನು ಬೆರಳುಗಳ ನಡುವೆ ಉಜ್ಜಿದ. ಗಿಣಿ ಅದನ್ನು ಬಿಸಾಡಲಿಲ್ಲ. ತಂದು ಅವನ ಕೈಗಿಟ್ಟು ಕಾಳು ತಿಂದಿತು. ಕಾರ್ಡಿನಲ್ಲಿ ಏನಿತ್ತೋ ನನಗೆ ಕಾಣಲಿಲ್ಲ. ಹೆಂಗಸು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡದ್ದು ಕಂಡಿತು.

"ವಾರದಲ್ಲಿ ಎಲ್ಡ್ ಮೂರ್ ಸಲ ಇದೇ ನಾಟ್ಕ ಕಣ್ ಸಾರ್," ಎಂದರು ಪುಟ್ಟಮ್ಮ, ಲೋಟ ತೊಳೆಯುತ್ತಾ. "ಆ ಗಿಣಿಗೂ ಒಂದು ಬಿಳಿ ಕೋಟು ಹೊಲಿಸಿಕೊಟ್ಬುಡಿ."

ಮರುದಿನ ಬೆಳಗ್ಗೆ ಆಪರೇಷನ್ ಥಿಯೇಟರಿನ ಪಕ್ಕದ ಕೋಣೆಯಲ್ಲಿ ಪ್ರೀ-ಅನೆಸ್ಥೆಟಿಕ್ ಚೆಕಪ್‌ಗೆ ಕೂತೆ. ಅರಿವಳಿಕೆ ಕೊಡುವ ಮೊದಲು ರೋಗಿಯನ್ನು ಪರೀಕ್ಷಿಸಿ ಮಾತಾಡಿಸುವ ಕ್ರಮ ಇದು. ಮೊದಲಿಗೆ ಬಂದವರು ಅದೇ ಹೆಂಗಸು. ಹೆಸರು ಫಿಲೋಮಿನಾ, ವಯಸ್ಸು ಮೂವತ್ತೊಂಬತ್ತು, ಬಟ್ಟೆ ಹೊಲಿಯುವ ಕೆಲಸ. ತಿಂಗಳ ಸ್ರಾವ ಹೆಚ್ಚಾಗಿತ್ತು, ಗರ್ಭಕೋಶದಲ್ಲಿ ಸಣ್ಣ ಗಡ್ಡೆಯಿತ್ತು. ಗರ್ಭಕೋಶವನ್ನೇ ತೆಗೆಯಬೇಕೆಂದು ಇಲ್ಲಿಯ ಸರ್ಜನ್ ಹೇಳಿದ್ದರು.

"ಮೊದಲು ಬೇರೆ ಎಲ್ಲಾದರೂ ತೋರಿಸಿದ್ದಿರಾ?"

"ತೋರಿಸಿದ್ದೆ. ಆ ಡಾಕ್ಟ್ರಮ್ಮ, ಮೂರು ತಿಂಗಳು ಮಾತ್ರೆ ತಗೊಳ್ಳಿ, ಕಡಿಮೆ ಆಗದೇ ಇದ್ರೆ ಆಪರೇಷನ್ ಯೋಚನೆ ಮಾಡೋಣ ಅಂದಿದ್ರು. ನಂಗೂ ಅದೇ ಇಷ್ಟ ಇತ್ತು."

"ಮತ್ತೆ ಈಗ ಯಾಕೆ ಒಪ್ಪಿಕೊಂಡಿರಿ?"

ಆಕೆಯ ಮುಖ ಅರಳಿತು. "ಮರಿಯಮಾತೆ ಬಂದ್ರು ಡಾಕ್ಟ್ರೇ. ನನ್ ಶಿಲುಬೆ ಸರ ಸೆರಗಿನ ಒಳಗಿತ್ತು, ಹೆಸರೂ ಹೇಳಿರ್ಲಿಲ್ಲ. ಅಷ್ಟು ದೇವ್ರುಗಳ ಮಧ್ಯ ಆ ಗಿಣಿ ನಮ್ಮ ಮಾತೆಯನ್ನೇ ಎತ್ತಿಕೊಡ್ತು. ಮೈ ಜುಂ ಅಂತು. ಮಾತೆ ಕಾಯ್ತಾರೆ, ಆಪರೇಷನ್ ಮಾಡಿಸ್ಕೊಳ್ಳಿ ಅಂದ ಅವನು. ಇನ್ನೇನು ಯೋಚನೆ ಅಂತ ಹೂಂ ಅಂದ್ಬುಟ್ಟೆ."

ನನ್ನ ಕೈಯಲ್ಲಿದ್ದ ಸ್ಟೆತಾಸ್ಕೋಪನ್ನು ಮೇಜಿನ ಮೇಲಿಟ್ಟೆ. ಮೂವತ್ತು ವರ್ಷದ ವೃತ್ತಿಯಲ್ಲಿ ಅಷ್ಟು ಕೋಪ ಬಂದದ್ದು ನೆನಪಿಲ್ಲ. ಹಿಂದಿನ ಸಂಜೆ ಕಂಡದ್ದನ್ನೂ ಕೇಳಿದ್ದನ್ನೂ ಒಂದು ಮಾತು ಸೇರಿಸದೆ ಆಕೆಗೂ ಜೊತೆಗೆ ಬಂದಿದ್ದ ಗಂಡ ಲಾರೆನ್ಸ್‌ಗೂ ಹೇಳಿದೆ. ಫಿಲೋಮಿನಾ ನಂಬಲಿಲ್ಲ. "ಕಣ್ಣಾರೆ ನೋಡಿದ್ದೀನಿ ನಾನು," ಎಂದರು. ಲಾರೆನ್ಸ್ ಗೂಡ್ಸ್ ಆಟೋ ಓಡಿಸುವವರು. ಹಿಂದಿನ ದಿನ ಆಸ್ಪತ್ರೆಗೆ ಬಂದಿರಲಿಲ್ಲ, ನಂಜಪ್ಪನಿಗೆ ಅವರ ಗುರುತಿರಲಿಲ್ಲ. ಅವರು ಎದ್ದರು. ಅಂಗಿಯ ಮೇಲಿನ ಗುಂಡಿ ಹಾಕಿ ಕೊರಳಿನ ಶಿಲುಬೆ ಮುಚ್ಚಿಕೊಂಡು ಕೆಳಗೆ ಹೋದರು. ವಾಪಸು ಬಂದಾಗ ಮುಖ ಕೆಂಪಾಗಿತ್ತು.

"ನಂಗೆ ಚಾಮುಂಡಿ ಬಂದ್ಲು ಕಣೇ. ಬೆಟ್ಟ ಹತ್ತಿ ಎಣ್ಣೆ ದೀಪ ಹಚ್ಚಬೇಕಂತೆ. ಅದೇ ಗಿಣಿ, ಅದೇ ಮರ. ನಾನು ಯಾರು ಅಂತ ಯಾರೂ ಅವನ ಕಿವೀಲಿ ಊದಿರ್ಲಿಲ್ಲ, ಅಷ್ಟೇ."

ಫಿಲೋಮಿನಾ ಎದ್ದು ನಿಂತರು. ಆಮೇಲೆ, "ನನ್ ಸೀರೆ ಎಲ್ಲಿಟ್ಟಿದ್ದೀರಾ?" ಎಂದು ನರ್ಸನ್ನು ಕೇಳಿದರು.

ಸುದರ್ಶನ್ ಓಡಿಬಂದ. ಅವನಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. "ಸಾರ್, ಭಯಪಡ್ತಿದ್ರು, ಧೈರ್ಯ ತುಂಬಿದ್ವಿ. ನೀವೂ ಸೂಜಿ ಚುಚ್ಚುವಾಗ ಇರುವೆ ಕಚ್ಚಿದಂಗೆ ಇರುತ್ತೆ ಅನ್ನಲ್ವಾ? ಅದೂ ಸುಳ್ಳೇ ತಾನೆ?"

"ಅಂತೀನಿ ಕಣಯ್ಯ. ಆದ್ರೆ ಗರ್ಭಕೋಶ ತೆಗೀಲೋ ಬೇಡ್ವೋ ಅಂತ ಇರುವೆ ಹತ್ರ ಕೇಳಿಸಲ್ಲ."

ಆ ದಿನವೇ ಆಡಳಿತ ಮಂಡಳಿಗೆ ದೂರು ಬರೆದುಕೊಟ್ಟೆ. ಅವರು ಕ್ರಮ ಕೈಗೊಂಡರು. ಯಾರ ಮೇಲೆ ಎಂಬುದನ್ನು ಓದುಗರು ಗಮನಿಸಬೇಕು. ಗಿಣಿ ಸಾಕುವುದು ವನ್ಯಜೀವಿ ಕಾನೂನಿನ ಪ್ರಕಾರ ಅಪರಾಧ. ಆಸ್ಪತ್ರೆಯವರೇ ಅರಣ್ಯ ಇಲಾಖೆಗೆ ಫೋನ್ ಮಾಡಿದರು. ಜೀಪು ಬಂತು, ಗಿಣಿಯನ್ನು ಒಯ್ದರು, ನಂಜಪ್ಪನನ್ನು ಅಲ್ಲಿಂದ ಎಬ್ಬಿಸಿದರು. ಸುದರ್ಶನ್ ಅದೇ ಕುರ್ಚಿಯಲ್ಲಿದ್ದಾನೆ. ನನ್ನನ್ನು ಅಲ್ಲಿಗೆ ಮತ್ತೆ ಕರೆದಿಲ್ಲ. ಕರೆದರೂ ಹೋಗುವುದಿಲ್ಲ.

ಕೆಲವು ತಿಂಗಳ ನಂತರ ಇಲವಾಲದ ಬಸ್ ನಿಲ್ದಾಣದ ಬಳಿ ನಂಜಪ್ಪ ಸಿಕ್ಕ. ಮುಂದೆ ಅದೇ ಕಾರ್ಡುಗಳು, ಪಂಜರವಿಲ್ಲ. ಗಿರಾಕಿಗಳೇ ಕೈಹಾಕಿ ಎತ್ತಿಕೊಳ್ಳುತ್ತಿದ್ದರು.

"ಈಗ ಯಾವ್ ದೇವ್ರು ಬತ್ತದೋ ನಂಗೂ ಗೊತ್ತಾಗಕ್ಕಿಲ್ಲ ಸಾ," ಎಂದ. "ಅವಯ್ಯ ಹೇಳ್ದಂಗೆ ಮಾಡ್ದೆ. ನನ್ ಗಿಣಿ ಹೋಯ್ತು, ಅವಯ್ಯನ ಒಂದು ಕೂದಲೂ ಕೊಂಕಲಿಲ್ಲ."

ಅವನ ಮೇಲೂ ನನಗೆ ಕೋಪವಿತ್ತು, ಈಗಲೂ ಇದೆ. ಆದರೆ ಆ ಮಾತು ಸುಳ್ಳಲ್ಲ.

ಈ ಪ್ರಕರಣ ಕಲಿಸಿದ್ದು ಇಷ್ಟು: ಒಪ್ಪಿಗೆ ಪತ್ರದಲ್ಲಿ ರೋಗಿಯ ಸಹಿ ಕಂಡ ಮಾತ್ರಕ್ಕೆ ಅದು ರೋಗಿಯ ಒಪ್ಪಿಗೆ ಎಂದುಕೊಳ್ಳಬಾರದು. ನಾನೀಗ ಎಲ್ಲರನ್ನೂ, "ಯಾಕೆ ಒಪ್ಪಿಕೊಂಡಿರಿ, ನಿಮ್ಮ ಮಾತಿನಲ್ಲಿ ಹೇಳಿ," ಎಂದು ಕೇಳುತ್ತೇನೆ. ಉತ್ತರ ಬರುವವರೆಗೆ ಸಿರಿಂಜ್ ಮುಟ್ಟುವುದಿಲ್ಲ.

ಫಿಲೋಮಿನಾ ಮಾತ್ರೆ ತೆಗೆದುಕೊಂಡರು. ಸ್ರಾವ ಹತೋಟಿಗೆ ಬಂದಿದೆ, ಹೊಲಿಗೆ ಯಂತ್ರದ ಮುಂದೆ ಕೂರುತ್ತಾರೆ. ಅವರಿದ್ದಾರೆ. ಲಾರೆನ್ಸ್ ಇದ್ದಾರೆ. ಇಲವಾಲದಲ್ಲಿ ನಂಜಪ್ಪ ಇದ್ದಾನೆ. ಆ ಸಂಜೆ ನನ್ನ ಪಕ್ಕದಲ್ಲೇ ನಿಂತು ಎಲ್ಲವನ್ನೂ ಕಂಡ ಪುಟ್ಟಮ್ಮ ಇಂದಿಗೂ ಅದೇ ಗೇಟಿನ ಎದುರು ಟೀ ಮಾರುತ್ತಾರೆ. ಕೇಳಿದರೆ ಇದ್ದದ್ದು ಇದ್ದಂತೆ ಹೇಳುತ್ತಾರೆ. ಇವತ್ತಿನವರೆಗೆ ಅವರನ್ನು ಯಾರೂ ಕೇಳಿಲ್ಲ.